ಒಂದು ಪಂಪಿಗೆ ಎಷ್ಟು? ವಿಜ್ಞಾನ ಸಂವಹನದ ಸಿದ್ಧಾಂತಕ್ಕೂ ಹೊಲದ ಬದುವಿಗೂ ನಡುವಿನ ದೂರ

ರಾಣೆಬೆನ್ನೂರು, ಹಿರೇಕೆರೂರು ಕಡೆ ಗೋವಿನಜೋಳದ ಹುಳುವಿನ ಬಗ್ಗೆ ರೈತರ ಸಭೆ ನಡೆದರೆ ತಜ್ಞರ ಮಾತು ಮುಗಿದ ಮೇಲೆ ಬರುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅದೆಲ್ಲಾ ಖರೆ ಐತ್ರಿ ಸರ, ಒಂದ್ ಪಂಪಿಗೆ ಎಷ್ಟ್ ಹಾಕೂದು?"

ಉತ್ತರ ಪರದೆಯ ಮೇಲೆ ಆಗಲೇ ಬಂದು ಹೋಗಿರುತ್ತದೆ: ಎಮಾಮೆಕ್ಟಿನ್ ಬೆಂಜೋಯೇಟ್, ಲೀಟರಿಗೆ 0.4 ಗ್ರಾಂ. ಆದರೆ ಹೊಲದಲ್ಲಿ ಯಾರೂ ಲೀಟರಿನ ಲೆಕ್ಕದಲ್ಲಿ ಹೊಡೆಯುವುದಿಲ್ಲ. ಬೆನ್ನ ಮೇಲೆ ಇರುವುದು 16 ಲೀಟರಿನ ಪಂಪು, ಕೈಯಲ್ಲಿರುವ ಅಳತೆ ಔಷಧಿ ಬಾಟಲಿಯ ಮುಚ್ಚಳ. 16 ಲೀಟರಿಗೆ 6.4 ಗ್ರಾಂ ಬೇಕು. ಇದು ಹರಳು ರೂಪದ ಔಷಧಿ, ದ್ರವ ಅಳೆಯುವ ಮುಚ್ಚಳದಲ್ಲಿ ಇದರ ತೂಕ ಸಿಗುವುದಿಲ್ಲ. ಇನ್ನು ಎಕರೆಗೆ 200 ಲೀಟರ್ ದ್ರಾವಣ ಎಂದು ಹೇಳಿದರೆ ಅದು ಹನ್ನೆರಡೂವರೆ ಪಂಪು. ಕೂಲಿ, ನೀರು ಹೊರುವ ದೂರ ಎರಡನ್ನೂ ನೋಡಿ ಎಂಟು ಪಂಪಿಗೆ ಮುಗಿಸಿದರೆ 128 ಲೀಟರ್ ಆಯಿತು. 80 ಗ್ರಾಂ ಬೀಳಬೇಕಾದ ಎಕರೆಗೆ ಬಿದ್ದದ್ದು 51 ಗ್ರಾಂ. ಹುಳು ಸಾಯುವುದಿಲ್ಲ. "ವಿಶ್ವವಿದ್ಯಾಲಯದವರು ಹೇಳಿದ ಔಷಧಿ ಹತ್ತಲಿಲ್ಲ" ಎಂಬ ಮಾತು ಮಾತ್ರ ಊರೂರು ತಿರುಗುತ್ತದೆ.

ಈ ತಪ್ಪು ರೈತನ ಅಜ್ಞಾನದಿಂದ ಆದದ್ದಲ್ಲ, ಅಪನಂಬಿಕೆಯಿಂದ ಆದದ್ದೂ ಅಲ್ಲ. ಮಾತಾಡಿದವರು ಒಂದು ಅಳತೆಯಲ್ಲಿ ಹೇಳಿದರು, ಕೇಳಿದವರು ಇನ್ನೊಂದು ಅಳತೆಯಲ್ಲಿ ಬದುಕುತ್ತಾರೆ. ವಿಜ್ಞಾನ ಸಂವಹನದ ಪಠ್ಯಗಳು ಕೊರತೆ, ಸಂವಾದ, ಸಹಭಾಗಿತ್ವ ಎಂದು ದೊಡ್ಡ ದೊಡ್ಡ ಮಾದರಿಗಳ ಬಗ್ಗೆ ವಾದಿಸುತ್ತಿರುವಾಗ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಕೆಲಸ ಕೆಡುವುದು ಬಹುಪಾಲು ಇಂಥ ಸಣ್ಣ ಜಾಗಗಳಲ್ಲಿ. ಹಾಗೆಂದು ಸಿದ್ಧಾಂತ ವ್ಯರ್ಥವೇ? ಅಲ್ಲ. ಯಾವ ಜಾಗದಲ್ಲಿ ಯಾವ ಮಾದರಿ ಹೊಂದುತ್ತದೆ ಎಂದು ನೋಡದೆ, ಒಂದನ್ನೇ ಎಲ್ಲದಕ್ಕೂ ಹಚ್ಚುವುದರಿಂದ ಎಡವಟ್ಟಾಗುತ್ತದೆ.

ಖಾಲಿ ಕೊಡ ತುಂಬಿಸುವ ಲೆಕ್ಕ

1985ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ, ವಾಲ್ಟರ್ ಬೋಡ್ಮರ್ ನೇತೃತ್ವದ ಸಮಿತಿಯ ವರದಿಯೊಂದನ್ನು ಹೊರತಂದಿತು. ಜನರಿಗೆ ವಿಜ್ಞಾನ ತಿಳಿಯಬೇಕು, ತಿಳಿಸುವುದು ವಿಜ್ಞಾನಿಗಳ ಕರ್ತವ್ಯ ಎಂಬುದು ಅದರ ತಿರುಳು. ತಿಳಿವಳಿಕೆ ಹೆಚ್ಚಿದರೆ ವಿಜ್ಞಾನದ ಬಗ್ಗೆ ಒಲವೂ ಹೆಚ್ಚುತ್ತದೆ ಎಂಬ ನಂಬಿಕೆ ಅದರ ಹಿಂದೆ ಇತ್ತು. ಜನರ ತಲೆ ಖಾಲಿ ಕೊಡ, ತಜ್ಞರು ನಲ್ಲಿ ಎಂಬ ಈ ಲೆಕ್ಕಕ್ಕೆ ಮುಂದೆ ವಿಮರ್ಶಕರು 'ಕೊರತೆ ಮಾದರಿ' ಎಂದು ಹೆಸರಿಟ್ಟರು. ನಮ್ಮಲ್ಲಿಯೂ ಅದೇ ಜಾಡಿನ ಮಾತು ಸಂವಿಧಾನದಲ್ಲೇ ಇದೆ. 1976ರ 42ನೇ ತಿದ್ದುಪಡಿ ಸೇರಿಸಿದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಕರ್ತವ್ಯ. ತಜ್ಞರು ನಾಗರಿಕನ ಮಾತು ಕೇಳಿಸಿಕೊಳ್ಳಬೇಕು ಎಂಬ ಕರ್ತವ್ಯ ಆ ಪಟ್ಟಿಯಲ್ಲಿಲ್ಲ.

ಆ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಇಂಗ್ಲೆಂಡಿನ ಕುರಿಗಾರರಿಂದ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸ್ಫೋಟವಾಯಿತು. ಮಳೆಯ ಜೊತೆ ಇಳಿದ ವಿಕಿರಣಶೀಲ ಸೀಸಿಯಂ ಕಂಬ್ರಿಯಾ ಗುಡ್ಡಗಳ ಹುಲ್ಲಿಗೆ ಸೇರಿತು. ಜೂನ್‌ನಲ್ಲಿ ಕುರಿ ಮಾರಾಟಕ್ಕೆ ನಿರ್ಬಂಧ ಬಂತು. ಮೂರು ವಾರ ತಡೆಯಿರಿ, ಇಳಿದುಹೋಗುತ್ತದೆ ಎಂದರು ವಿಜ್ಞಾನಿಗಳು. ಇಳಿಯಲಿಲ್ಲ. ಅವರ ಲೆಕ್ಕ ಜೇಡಿ ಮಣ್ಣಿನದು; ಜೇಡಿ ಸೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಆ ಗುಡ್ಡಗಳದ್ದೋ ಹುಳಿಯಾದ, ಕೊಳೆತ ಸಸ್ಯಗಳ ಮಣ್ಣು. ಸೀಸಿಯಂ ಅಲ್ಲಿ ಹುಲ್ಲಿಗೂ ಕುರಿಗೂ ಮತ್ತೆ ಮಣ್ಣಿಗೂ ಸುತ್ತುತ್ತಲೇ ಇತ್ತು. ಕೊನೆಯ ನಿರ್ಬಂಧ ತೆಗೆದದ್ದು 2012ರಲ್ಲಿ. ನವಲಗುಂದದ ಎರಿ ಹೊಲದವರಾಗಿದ್ದರೆ ಮೊದಲ ದಿನವೇ "ಯಾವ ಮಣ್ಣಿನ ಮಾತು ಹೇಳಾಕ್ಹತ್ತೀರಿ? ಎರಿನೋ ಮಸಾರಿನೋ?" ಎಂದು ಕೇಳುತ್ತಿದ್ದರು. ಎರಿ ಎಂದರೆ ಕಪ್ಪು ಮಣ್ಣು, ಮಸಾರಿ ಎಂದರೆ ಕೆಂಪು ಮಣ್ಣು. ಕಂಬ್ರಿಯಾದ ಕುರಿಗಾರರೂ ತಮ್ಮ ಮಣ್ಣು, ತಮ್ಮ ಕುರಿ, ತಮ್ಮ ಗುಡ್ಡದ ಬಗ್ಗೆ ಹೇಳಲು ನೋಡಿದರು. ಸೀಸಿಯಂ ಹೀರುವ ಖನಿಜವನ್ನು ನೆಲಕ್ಕೆ ಹರಡಿ, ಬೇಲಿ ಕಟ್ಟಿ, ಒಳಗೆ ಕುರಿ ಕೂಡಿ ಪ್ರಯೋಗ ಮಾಡಹೊರಟಾಗ, ಬಯಲಲ್ಲಿ ಮೇಯುವ ಕುರಿ ಬೇಲಿಯೊಳಗೆ ಸೊರಗುತ್ತದೆ ಎಂದರು. ಸೊರಗಿತು, ಪ್ರಯೋಗ ನಿಂತಿತು. ಪಕ್ಕದಲ್ಲೇ 1957ರಲ್ಲಿ ಬೆಂಕಿ ಹೊತ್ತಿದ್ದ ವಿಂಡ್‌ಸ್ಕೇಲ್ ಅಣುಸ್ಥಾವರವಿತ್ತು. ಆಗಿನಿಂದ ಅವರಲ್ಲಿ ಅನುಮಾನ ಉಳಿದಿತ್ತು. ಸಮಾಜಶಾಸ್ತ್ರಜ್ಞ ಬ್ರಯಾನ್ ವಿನ್ ಇದನ್ನು ದಾಖಲಿಸಿ, ಸಮಸ್ಯೆ ಜನರ ತಿಳಿವಳಿಕೆಯದಲ್ಲ, ಜನರಿಗೆ ಏನು ತಿಳಿದಿದೆ ಎಂಬುದರ ಬಗ್ಗೆ ತಜ್ಞರಿಗಿದ್ದ ತಿಳಿವಳಿಕೆಯದು ಎಂದು ತೋರಿಸಿದರು.

2000ದಲ್ಲಿ ಬ್ರಿಟನ್ನಿನ ಮೇಲ್ಮನೆ ಸಮಿತಿಯೇ ಉಪದೇಶದಿಂದ ಸಂವಾದಕ್ಕೆ ಬರಬೇಕು ಎಂದಿತು. 2008ರಲ್ಲಿ 40 ದೇಶಗಳ 193 ಸಮೀಕ್ಷೆಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯಲ್ಲಿ, ವಿಜ್ಞಾನದ ತಿಳಿವಳಿಕೆಗೂ ಒಲವಿಗೂ ಇರುವ ನಂಟು ಇದೆ, ಆದರೆ ಬಹಳ ತೆಳು ಎಂದು ಕಂಡಿತು. ಕೊರತೆ ಮಾದರಿ ಪುಸ್ತಕಗಳಲ್ಲಿ ಸತ್ತು ಕಾಲು ಶತಮಾನವಾಯಿತು. ನಮ್ಮ ಜಾಗೃತಿ ಶಿಬಿರಗಳ ಬ್ಯಾನರಿನಲ್ಲಿ ಮಾತ್ರ ಅದು ಗಟ್ಟಿಮುಟ್ಟಾಗಿದೆ. 'ಅರಿವು ಮೂಡಿಸುವ ಕಾರ್ಯಕ್ರಮ' ಎಂಬ ಹೆಸರೇ ಸಾಕು.

ಲದ್ದಿ ಹುಳು ಎಂಬ ಹೆಸರಿನಲ್ಲಿ ಏನಿದೆ

ಹುಳುವಿನ ವಿಷಯಕ್ಕೆ ಮರಳೋಣ. ಅಮೆರಿಕ ಖಂಡ ಮೂಲದ ಈ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನೆರೆಯ ಶಿವಮೊಗ್ಗದಲ್ಲಿ. ಕರಪತ್ರಗಳಲ್ಲಿ ಬೆಳೆಯ ಹೆಸರು ಮೆಕ್ಕೆಜೋಳ ಅಥವಾ ಮುಸುಕಿನ ಜೋಳ. ಇಲ್ಲಿ ಅದು ಗೋವಿನಜೋಳ. ಕೀಟದ ಹೆಸರು ಕರಪತ್ರದಲ್ಲಿ ಫಾಲ್ ಸೈನಿಕ ಹುಳು, ಊರಲ್ಲಿ ಲದ್ದಿ ಹುಳು.

ಊರಿನ ಹೆಸರು ಒರಟು ಎನಿಸಬಹುದು, ಆದರೆ ಅದರಲ್ಲಿ ರೋಗನಿದಾನವಿದೆ. ಹುಳು ಸುಳಿಯೊಳಗೆ ಕೂತು ತಿನ್ನುತ್ತದೆ, ಸುಳಿಯ ತುಂಬ ಕಟ್ಟಿಗೆ ಪುಡಿಯಂಥ ಲದ್ದಿ ಬೀಳುತ್ತದೆ. ರೈತನಿಗೆ ಮೊದಲು ಕಾಣುವುದು ಅದೇ. ಸರಿಯಾದ ಗುರುತು, ಆದರೆ ತಡವಾದ ಗುರುತು. ಲದ್ದಿ ಗುಪ್ಪೆಗುಪ್ಪೆಯಾಗಿ ಕಾಣುವ ಹೊತ್ತಿಗೆ ಹುಳು ದೊಡ್ಡದಾಗಿ ಸುಳಿಯ ಆಳ ಸೇರಿರುತ್ತದೆ, ಮೇಲಿಂದ ಹೊಡೆದ ಔಷಧಿ ಅಲ್ಲಿಗೆ ತಲುಪುವುದಿಲ್ಲ. ಮರಿಹುಳು ಎಲೆಯ ಹಸಿರನ್ನು ಕೆರೆದು ತಿಂದು, ಕೆಳಗಿನ ತೆಳು ಪೊರೆ ಬಿಟ್ಟಿರುವಾಗಲೇ ಹಿಡಿಯಬೇಕು. ಎಲೆಯನ್ನು ಬಿಸಿಲಿಗೆ ಹಿಡಿದರೆ ಕಾಗದದಂಥ ಬಿಳಿ ಕಿಟಕಿಗಳು ಕಾಣುತ್ತವೆ. ಆಗ ಸಂಜೆ ಹೊತ್ತು, ನಳಿಗೆಯನ್ನು ಸುಳಿಗೇ ಹಿಡಿದು ಹೊಡೆದರೆ ಕೆಲಸವಾಗುತ್ತದೆ. ಹುಳು ದೊಡ್ಡದಾದ ಮೇಲೆ ಉಳಿದ ದಾರಿ ವಿಷಪಾಷಾಣ: 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ 24 ತಾಸು ಹುಳಿಯಲು ಬಿಟ್ಟು, ಹಾಕುವ ಅರ್ಧ ತಾಸು ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಉದುರಿಸುವುದು. ಇದನ್ನು ಬರಿಗೈಯಲ್ಲಿ ಉದುರಿಸುವವರೇ ಹೆಚ್ಚು. ಕೈಗವಸಿನ ಚಿತ್ರ ಕರಪತ್ರದಲ್ಲಿರುತ್ತದೆ, ಅಂಗಡಿಯಲ್ಲಿ ಇರುವುದಿಲ್ಲ. ಹಾಲಿನ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ ಎಂದು ಹೇಳಿದರೆ ಅರ್ಧದಷ್ಟು ಜನ ಕೇಳುತ್ತಾರೆ. ದನ, ಕೋಳಿ ಅತ್ತ ಸುಳಿಯದಂತೆ ನೋಡಿಕೊಳ್ಳಿ ಎಂದರೆ ಎಲ್ಲರೂ ಕೇಳುತ್ತಾರೆ.

ಸಂವಾದ ಮಾದರಿ ಇಲ್ಲಿ ನಿಜವಾಗಿ ಕೆಲಸ ಮಾಡುತ್ತದೆ, ಆದರೆ 'ನಿಮ್ಮ ಅಭಿಪ್ರಾಯ ಹೇಳಿ' ಎಂಬ ಸೌಜನ್ಯದ ರೂಪದಲ್ಲಲ್ಲ. 'ನೀವು ಇದನ್ನು ಏನಂತೀರಿ, ಯಾವಾಗ ಮೊದಲು ಕಾಣ್ತದ, ಯಾವುದರಿಂದ ಅಳೀತೀರಿ' ಎಂಬ ಮೂರು ಪ್ರಶ್ನೆ ಕೇಳಿದರೆ, ಲದ್ದಿಯಿಂದ ಕಿಟಕಿಗೆ ಹತ್ತು ದಿನ ಹಿಂದೆ ಸರಿಯಬೇಕು ಎಂಬುದೇ ಆ ಊರಿನಲ್ಲಿ ಹೇಳಬೇಕಾದ ಏಕೈಕ ಮಾತು ಎಂದು ಗೊತ್ತಾಗುತ್ತದೆ. ಉಳಿದ ನಲವತ್ತು ಸ್ಲೈಡು ಬಿಟ್ಟರೂ ನಡೆಯುತ್ತದೆ.

ಇದೇ ಅಳತೆಯ ತೊಡಕು ಮಣ್ಣು ಆರೋಗ್ಯ ಚೀಟಿಯಲ್ಲೂ ಇದೆ. 2015ರ ಫೆಬ್ರವರಿಯಲ್ಲಿ ಆರಂಭವಾದ ಆ ಯೋಜನೆಯ ಚೀಟಿಯಲ್ಲಿ 12 ಅಂಶಗಳು, ಹೆಕ್ಟೇರಿಗೆ ಇಷ್ಟು ಕೆಜಿ ಎಂಬ ಲೆಕ್ಕ. ಇಲ್ಲಿಯ ಲೆಕ್ಕ ಎಕರೆ ಮತ್ತು ಚೀಲ. 45 ಕೆಜಿಯ ಯೂರಿಯಾ ಚೀಲದಲ್ಲಿ ಸಾರಜನಕ 20.7 ಕೆಜಿ, 50 ಕೆಜಿಯ ಡಿಎಪಿ ಚೀಲದಲ್ಲಿ ಸಾರಜನಕ 9, ರಂಜಕ 23 ಕೆಜಿ. ಈ ಎರಡು ಸಾಲನ್ನು ಚೀಟಿಯ ಹಿಂದೆ ಬರೆದುಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧ ಕಷ್ಟದ್ದು: ಮಾದರಿ ತೆಗೆಯುವ ಚೌಕ ನೀರಾವರಿಯಲ್ಲಿ 2.5 ಹೆಕ್ಟೇರ್, ಮಳೆಯಾಶ್ರಯದಲ್ಲಿ 10 ಹೆಕ್ಟೇರ್. ಎಂದರೆ ಚೀಟಿಯಲ್ಲಿರುವ ಅಂಕಿ ಪಕ್ಕದವರ ಹೊಲದ ಮಣ್ಣಿನದೂ ಆಗಿರಬಹುದು. ಇದು ರೈತನಿಗೆ ಗೊತ್ತು. ಚೀಟಿ ಪೆಟ್ಟಿಗೆ ಸೇರಿದರೆ ಅವನನ್ನು ದೂರುವಂತಿಲ್ಲ.

ಕೊರತೆ ನಿಜವಾಗಿ ಇರುವ ಜಾಗ

ಸಿದ್ಧಾಂತ ಓದಿದವರಿಗೆ ಈಗ ಕೊರತೆ ಮಾದರಿ ಎಂದರೆ ಬೈಗುಳ. ಅದು ಅತಿಯಾಯಿತು. ಕೆಲವು ಕಡೆ ಮಾಹಿತಿಯ ಕೊರತೆಯೇ ಸಮಸ್ಯೆ. ಗದಗ ಜಿಲ್ಲೆಯ ಕುಡಿಯುವ ನೀರು ಅದಕ್ಕೆ ಉದಾಹರಣೆ.

ಮುಂಡರಗಿ ತಾಲೂಕಿನ ಸುತ್ತಮುತ್ತ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟಿ, ಮುಂದೆ ಕೀಲು, ಬೆನ್ನೆಲುಬಿಗೆ ಬಿಗಿತ. ಇಷ್ಟನ್ನು ಊರವರೇ ಹೇಳುತ್ತಾರೆ. ತಪ್ಪು ತಿಳಿವಳಿಕೆ ಇರುವುದು ಮೂರು ಕಡೆ.

ಮೊದಲನೆಯದು ಟಿಡಿಎಸ್ ಪೆನ್ನು. ಫಿಲ್ಟರ್ ಮಾರುವವರು ಅದನ್ನು ನೀರಿಗೆ ಅದ್ದಿ 800 ತೋರಿಸಿ ಹೆದರಿಸುತ್ತಾರೆ, 90 ತೋರಿಸಿ ನಂಬಿಸುತ್ತಾರೆ. ಆ ಪೆನ್ನು ಅಳೆಯುವುದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. 300 ಟಿಡಿಎಸ್ ನೀರಿನಲ್ಲಿ ಫ್ಲೋರೈಡ್ 2 ಮಿಲಿಗ್ರಾಂ ಇರಬಹುದು, 900ರಲ್ಲಿ ಅರ್ಧ ಮಿಲಿಗ್ರಾಂ ಕೂಡ ಇಲ್ಲದಿರಬಹುದು. ಸಾವಿರದಲ್ಲಿ ಎರಡು ಅಂಶ ಪೆನ್ನಿಗೆ ಕಾಣುವುದೇ ಇಲ್ಲ. ಎರಡನೆಯದು ಕುದಿಸುವುದು. ವಾಂತಿಭೇದಿ ತಡೆಯಲು ನೀರು ಕುದಿಸಿ ಕುಡಿಯಿರಿ ಎಂದು ಆರೋಗ್ಯ ಇಲಾಖೆ ದಶಕಗಳಿಂದ ಹೇಳಿದೆ, ಜನ ಕೇಳಿದ್ದಾರೆ. ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಹಳೆಯ ಯಶಸ್ವಿ ಸಂದೇಶವೇ ಹೊಸದಕ್ಕೆ ಅಡ್ಡ ನಿಂತಿದೆ. ಮೂರನೆಯದು, ಹಲ್ಲಿನ ಕಲೆ ಕಂಡ ಮೇಲೆ ನೀರು ಬದಲಿಸಿದರೆ ಕಲೆ ಹೋಗುತ್ತದೆ ಎಂಬ ಆಸೆ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಆ ಕೇಡು ಆಗಿರುತ್ತದೆ, ಎಂಟು ವರ್ಷದೊಳಗಿನ ಮಕ್ಕಳ ನೀರೇ ಎಲ್ಲಕ್ಕಿಂತ ಮುಖ್ಯ. ಹಾಗಾಗಿ ನಾಣ್ಯ ಹಾಕಿ ತುಂಬಿಸಿಕೊಂಡ ಶುದ್ಧ ನೀರಿನ ಕೊಡ ದೊಡ್ಡವರ ಚಹಾಕ್ಕೆ ಹೋಗಿ, ಅಂಗನವಾಡಿಯಲ್ಲಿ ಮಗು ಬೋರಿನ ನೀರು ಕುಡಿಯುವುದು ತಿರುವುಮುರುವಾದ ಲೆಕ್ಕ.

ಈ ಮೂರೂ ಶುದ್ಧ ಮಾಹಿತಿಯ ವಿಷಯ. ಇಲ್ಲಿ ವೃತ್ತಾಕಾರದಲ್ಲಿ ಕೂತು ಸಂವಾದ ಮಾಡುತ್ತ ಹೊತ್ತು ಕಳೆಯುವ ಅಗತ್ಯವಿಲ್ಲ, ನೇರ ಹೇಳಬೇಕು. ಜಲ ಜೀವನ ಮಿಷನ್ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂದು ಹೇಳುತ್ತದೆ. ಫ್ಲೋರೈಡ್ ಪರೀಕ್ಷೆ ಸುಲಭ: ಗುರುತಿನವರೆಗೆ ನೀರು, ಹೇಳಿದಷ್ಟು ಹನಿ ದ್ರಾವಣ, ಗುಲಾಬಿ ಬಣ್ಣ ಹಳದಿಯ ಕಡೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಕೆಡುವ ಜಾಗಗಳೂ ಗೊತ್ತಿರುವಂಥವೇ. ಶೀಶೆಯನ್ನು ಅದೇ ನೀರಿನಿಂದ ಎರಡು ಸಲ ತೊಳೆದಿರುವುದಿಲ್ಲ. ಹಳದಿ ಬಲ್ಬಿನ ಕೆಳಗೆ ಬಣ್ಣ ನೋಡಿ 1ಕ್ಕೂ 1.5ಕ್ಕೂ ವ್ಯತ್ಯಾಸ ತಪ್ಪುತ್ತದೆ, ಹಗಲು ಬೆಳಕಿನಲ್ಲಿ ಬಿಳಿ ಹಾಳೆ ಹಿಂದೆ ಹಿಡಿದು ನೋಡಬೇಕು. ದ್ರಾವಣದ ಅವಧಿ ಮುಗಿದಿರುತ್ತದೆ. ಎಲ್ಲ ಸರಿಯಾದರೂ ಫಲಿತಾಂಶ ಪಂಚಾಯತಿ ವಹಿಯಲ್ಲಿ ಉಳಿದು ಬೋರಿನ ಗೋಡೆಯ ಮೇಲೆ ಬರುವುದಿಲ್ಲ. ಒಂದು ಡಬ್ಬಿ ಕೆಂಪು ಬಣ್ಣ, ಒಂದು ಡಬ್ಬಿ ನೀಲಿ ಬಣ್ಣ ತಂದು 'ಕುಡಿಯಲು', 'ಬಳಸಲು' ಎಂದು ಬರೆಸಿದರೆ ಸಾಕು.

ನೇರ ಹೇಳುವುದಕ್ಕೂ ಒಂದು ಮಿತಿಯಿದೆ. "ಹಳದಿ ಬಂತ್ರಿ, ಈಗೇನ್ ಮಾಡೂಣು?" ಎಂದು ಆ ಹೆಣ್ಣುಮಗಳು ಕೇಳಿದಾಗ ಊರಿನಲ್ಲಿ ಬೇರೆ ನೀರಿಲ್ಲದಿದ್ದರೆ ಕೊಟ್ಟ ಮಾಹಿತಿ ಬರೀ ಭಯವಾಗುತ್ತದೆ. ಪರ್ಯಾಯ ಮೂಲ ಯಾವುದು, ಶುದ್ಧ ನೀರಿನ ಘಟಕದ ಪೊರೆ ಕೊನೆಯ ಸಲ ಬದಲಾದದ್ದು ಯಾವಾಗ, ರುಚಿಗೆಂದು ಅದಕ್ಕೆ ಬೋರಿನ ನೀರು ಬೆರೆಸುತ್ತಿದ್ದಾರೆಯೇ ಎಂಬುದನ್ನು ಮೊದಲು ತಿಳಿದುಕೊಂಡೇ ಊರಿಗೆ ಹೋಗಬೇಕು.

ಗೊತ್ತಿದ್ದೂ ಮಾಡದ ಕೆಲಸ

ಇದಕ್ಕೆ ಪೂರ್ತಿ ತದ್ವಿರುದ್ಧ ಹತ್ತಿಯ ಕತೆ. ಧಾರವಾಡದಲ್ಲಿ ರೂಪುಗೊಂಡ ಹೈಬ್ರಿಡ್ ಹತ್ತಿ ತಳಿಗಳಲ್ಲಿ ವರಲಕ್ಷ್ಮಿ 1972ರಲ್ಲಿ, ಡಿಸಿಎಚ್-32 ಎಂಬ ಜಯಲಕ್ಷ್ಮಿ 1981ರಲ್ಲಿ ಬಿಡುಗಡೆಯಾದವು. ಜಯಲಕ್ಷ್ಮಿ ಎಂದರೆ ಈ ಭಾಗದಲ್ಲಿ ಒಂದು ಕಾಲದ ಹೆಸರೇ ಆಗಿಹೋಯಿತು. ಹೊಸ ಪದ್ಧತಿ ಹೇಗೆ ಹರಡುತ್ತದೆ ಎಂದು 1962ರಲ್ಲಿ ಎವರೆಟ್ ರೋಜರ್ಸ್ ಐದು ಗುಣ ಹೇಳಿದ್ದರು: ಹಳೆಯದಕ್ಕಿಂತ ಲಾಭ, ಇರುವ ರೂಢಿಗೆ ಹೊಂದಿಕೆ, ಸರಳತೆ, ಸ್ವಲ್ಪದರಲ್ಲಿ ಮಾಡಿ ನೋಡುವ ಅವಕಾಶ, ಫಲ ಕಣ್ಣಿಗೆ ಕಾಣುವುದು. ಜಯಲಕ್ಷ್ಮಿಗೆ ಲಾಭವಿತ್ತು, ಹೊಂದಿಕೆಯಿತ್ತು, ಅರ್ಧ ಎಕರೆಯಲ್ಲಿ ಹಾಕಿ ನೋಡಬಹುದಿತ್ತು, ಪಕ್ಕದ ಹೊಲದವರಿಗೂ ಕಾಣುತ್ತಿತ್ತು. ಅದಕ್ಕೆ ಪ್ರಚಾರವೇ ಬೇಕಿರಲಿಲ್ಲ.

ಬಿಟಿ ಹತ್ತಿಗೆ, ಎಂದರೆ ಕಾಯಿಕೊರಕಕ್ಕೆ ವಿಷವಾಗುವ ಅಂಶವನ್ನು ಗಿಡವೇ ತಯಾರಿಸುವಂತೆ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿಗೆ, 2002ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಾಗ ಜೊತೆಗೊಂದು ಷರತ್ತಿತ್ತು: ಸುತ್ತ ಐದು ಸಾಲು ಇಲ್ಲವೇ ಹೊಲದ 20 ಶೇಕಡಾ, ಯಾವುದು ಹೆಚ್ಚೋ ಅಷ್ಟು ಜಾಗದಲ್ಲಿ ಬಿಟಿ ಅಲ್ಲದ ಹತ್ತಿ ಹಾಕಬೇಕು. ಅದಕ್ಕೆಂದೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪೊಟ್ಟಣ. ಸಾದಾ ಗಿಡದಲ್ಲಿ ಬದುಕಿದ ಹುಳುಗಳು ಬಿಟಿ ಹೊಲದಲ್ಲಿ ಉಳಿದ ಗಟ್ಟಿ ಹುಳುಗಳ ಜೊತೆ ಕೂಡಿದರೆ, ವಿಷ ತಡೆಯುವ ಗುಣ ಇಡೀ ಸಂತತಿಗೆ ಹರಡುವುದು ನಿಧಾನವಾಗುತ್ತದೆ. ತರ್ಕ ಸರಿ, ಹೇಳಿದ್ದೂ ಆಯಿತು, ಪೊಟ್ಟಣದ ಮೇಲೆ ಅಚ್ಚಾಗಿಯೂ ಇತ್ತು. ಆ 120 ಗ್ರಾಂ ಮಾತ್ರ ಬಹುತೇಕ ಕಡೆ ಬದುವಿಗೆ ಬಿತ್ತು. ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿಯನ್ನೂ, 2006ರಲ್ಲಿ ಬಂದ ಎರಡನೆಯದನ್ನೂ ದಾಟಿತು.

ರೋಜರ್ಸ್ ಹೇಳಿದ ಗುಣಗಳನ್ನು ಈ 120 ಗ್ರಾಂಗೆ ಹಚ್ಚಿ ನೋಡಿ. ಲಾಭ ಈ ವರ್ಷ ಇಲ್ಲ, ನಷ್ಟ ಈ ವರ್ಷವೇ. ತಾನೊಬ್ಬ ಹಾಕಿದರೆ ಲಾಭ ಸುತ್ತಲಿನವರಿಗೆಲ್ಲ, ಉಳಿದವರು ಹಾಕದಿದ್ದರೆ ತನಗೂ ಇಲ್ಲ. ಸ್ವಲ್ಪದರಲ್ಲಿ ಮಾಡಿ ನೋಡಿದರೆ ಏನೂ ಕಾಣುವುದಿಲ್ಲ. ಐದು ಗಿಡದಲ್ಲಿ ಒಂದನ್ನು ಹುಳುವಿಗೆ ಬಿಟ್ಟುಕೊಡು ಎಂದು ಸಾಲದಲ್ಲಿ ಬೀಜ ತಂದವನಿಗೆ ಹೇಳುವುದು ಸಂವಹನದ ಸಮಸ್ಯೆಯೇ ಅಲ್ಲ, ಬೆಲೆ ಯಾರು ಕಟ್ಟಬೇಕು ಎಂಬ ಸಮಸ್ಯೆ. ಕೊನೆಗೆ ಸಾದಾ ಬೀಜವನ್ನು ಬಿಟಿ ಬೀಜದೊಳಗೇ ಬೆರೆಸಿ ಒಂದೇ ಪೊಟ್ಟಣದಲ್ಲಿ ಕೊಡುವ ದಾರಿಗೆ ಬರಬೇಕಾಯಿತು. ವರ್ಷಗಟ್ಟಲೆ ಮಾಡಿದ ಉಪದೇಶದ ಕೆಲಸವನ್ನು ಒಂದು ಪೊಟ್ಟಣದ ವಿನ್ಯಾಸಕ್ಕೆ ವಹಿಸಲಾಯಿತು. ಇದನ್ನು ಮೊದಲೇ ಮಾಡಬಹುದಿತ್ತು.

ಹವಾಮಾನದ ಮಾತೂ ಒಂದಿಷ್ಟು. ಮುನ್ಸೂಚನೆಯಲ್ಲಿ 'ಅಲ್ಲಲ್ಲಿ ಮಳೆ' ಎಂದರೆ ಆ ಭಾಗದ ಮಾಪನ ಕೇಂದ್ರಗಳಲ್ಲಿ ಕಾಲುಭಾಗದವರೆಗೆ ಮಾತ್ರ ಮಳೆ ಎಂದು ಅರ್ಥ. 'ಭಾರಿ ಮಳೆ' ಎಂದರೆ 24 ತಾಸಿನಲ್ಲಿ 64.5 ಮಿಲಿಮೀಟರಿಗೆ ಕಡಿಮೆಯಿಲ್ಲದ್ದು. ಕೇಳುವವನಿಗೆ ಬೇಕಿರುವುದು ಬೇರೆ: ಕೂರಿಗೆ ಹೂಡುವಷ್ಟು ಹಸಿ ಆಗುತ್ತದೆಯೋ, ಎಡೆ ಹೊಡೆಯಲು ನಾಲ್ಕು ದಿನ ಬಿಡುವು ಸಿಗುತ್ತದೆಯೋ. ಅವನ ಪಂಚಾಂಗದಲ್ಲಿ ಮಳೆಗೆ ರೋಹಿಣಿ, ಮಿರಗ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನದ ಮನೆಗಳಿವೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಬದಲು 'ಮಿರಗದ ಕೊನೆಯ ಐದು ದಿನ' ಎಂದು ಮುನ್ಸೂಚನೆ ಓದಿದರೆ ಕಳೆದುಕೊಳ್ಳುವುದೇನೂ ಇಲ್ಲ. ನಕ್ಷತ್ರ ಇಲ್ಲಿ ಬರೀ ಕ್ಯಾಲೆಂಡರು. 1950ರಿಂದ ನಡೆದಿರುವ ಧಾರವಾಡ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳು ಊರಿನ ಮಾತಿನಲ್ಲೇ ಹೇಳುತ್ತ ಬಂದದ್ದರಿಂದ ಕೇಳುಗರನ್ನು ಉಳಿಸಿಕೊಂಡವು.

ಅಹವಾಲು ಎಂಬ ಮೆಟ್ಟಿಲು

1969ರಲ್ಲಿ ಶೆರಿ ಆರ್ನ್‌ಸ್ಟೈನ್ ಜನರ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲ ಏಣಿ ಬರೆದರು. ತಳದಲ್ಲಿ ಜನರನ್ನು ಆಡಿಸುವುದು, ತುದಿಯಲ್ಲಿ ಅಧಿಕಾರ ಅವರ ಕೈಗೇ ಬರುವುದು. ಮಾಹಿತಿ ಕೊಡುವುದು ಮೂರನೆಯ ಮೆಟ್ಟಿಲು, ಅಭಿಪ್ರಾಯ ಕೇಳುವುದು ನಾಲ್ಕನೆಯದು. ನಮ್ಮ ಕಾನೂನಿನಲ್ಲಿರುವ ಸಾರ್ವಜನಿಕ ಅಹವಾಲು ಈ ನಾಲ್ಕರಲ್ಲಿ ನಿಲ್ಲುತ್ತದೆ.

2006ರ ಸೆಪ್ಟೆಂಬರಿನ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಾರ್ಖಾನೆ, ಗಣಿಯಂಥ ಯೋಜನೆಗೆ ಅಹವಾಲು ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. 30 ದಿನ ಮುಂಚೆ ನೋಟಿಸು, ಒಂದು ರಾಷ್ಟ್ರೀಯ ಮತ್ತು ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ. ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು ಮೇಲ್ವಿಚಾರಣೆ ಮಾಡಬೇಕು, ಇಡೀ ಸಭೆ ವಿಡಿಯೊ ಆಗಬೇಕು. ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ. ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ, ನೂರಾರು ಪುಟದ ವರದಿ ಇಂಗ್ಲಿಷಿನಲ್ಲಿ. ಅಂತರ್ಜಲದ ಕೋಷ್ಟಕ, ಧೂಳಿನ ಲೆಕ್ಕ ಇರುವುದೆಲ್ಲ ಆ ಪುಟಗಳಲ್ಲಿ. ಸಭೆಯಲ್ಲಿ ಊರವರು ಉದ್ಯೋಗ ಎಷ್ಟು, ಪರಿಹಾರ ಎಷ್ಟು ಎಂದಷ್ಟೇ ಕೇಳುತ್ತಾರೆ ಎಂದು ಅಧಿಕಾರಿಗಳು ಬೇಸರ ಪಡುವುದುಂಟು. ಕೈಗೆ ಸಿಕ್ಕ ಕಾಗದದಲ್ಲಿ ಕೇಳಲು ಬರುವುದು ಅಷ್ಟೇ ಅಲ್ಲವೇ?

ಹಾಗಾಗಿ ನಿಜವಾದ ಸಹಭಾಗಿತ್ವ ಇಲ್ಲಿ ನಡೆದದ್ದು ಅಹವಾಲಿನ ಪೆಂಡಾಲಿನ ಹೊರಗೆ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವ ಪ್ರಸ್ತಾಪದ ವಿರುದ್ಧ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಚಳವಳಿ ನಡೆದು ಭೂಸ್ವಾಧೀನ ನಿಂತಿತು. ಅದೇ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲು ಪಟ್ಟ ಸಿಕ್ಕಿ, 2016ರಲ್ಲಿ ಹೋಗಿ, ಜನರ ಒತ್ತಾಯದಿಂದ 2017ರಲ್ಲಿ ಮರಳಿ, 2019ರಲ್ಲಿ ವನ್ಯಜೀವಿಧಾಮವಾಯಿತು. ಗುಡ್ಡದ ಔಷಧಿ ಸಸ್ಯಗಳ ಪಟ್ಟಿ, ಮಳೆ ನೀರಿನ ಲೆಕ್ಕ, ಚಿನ್ನದ ಗಣಿಗಾರಿಕೆಯ ಅಪಾಯ ಎಲ್ಲವೂ ಮಠದ ವೇದಿಕೆಯಿಂದ, ಮೆರವಣಿಗೆಯ ಧ್ವನಿವರ್ಧಕದಿಂದ ಜನರಿಗೆ ತಲುಪಿದವು. ಯಾವ ಸಂವಹನ ಪಠ್ಯದಲ್ಲೂ ಮಠಕ್ಕೆ ಅಧ್ಯಾಯವಿಲ್ಲ. ಈ ಭಾಗದಲ್ಲಿ ನಂಬಿಕೆ ಯಾರ ಬಳಿ ಇದೆ ಎಂದು ನೋಡಿದರೆ ಅದನ್ನು ಬಿಡುವಂತಿಲ್ಲ. ಅಲ್ಲೊಂದು ಅಪಾಯವೂ ಇದೆ: ವೇದಿಕೆಯ ಮಾತು ತಪ್ಪಿದ್ದರೆ ಅದನ್ನು ತಿದ್ದಲು ಯಾರಿಗೂ ಧೈರ್ಯ ಬರುವುದಿಲ್ಲ.

ಬಿಟಿ ಬದನೆಯನ್ನು ಬೆಳೆಯಲು ಬಿಡಬೇಕೇ ಎಂಬ ಸಮಾಲೋಚನೆ ಇನ್ನೊಂದು ಪಾಠ. 2010ರ ಜನವರಿ, ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಭೆ ನಡೆಸಿದರು, ಸುಮಾರು 8,000 ಜನ ಸೇರಿದ್ದರು. ಫೆಬ್ರವರಿ 9ರಂದು ತಡೆ ಬಿತ್ತು. ಸ್ಥಳೀಯ ಬದನೆ ತಳಿಗಳಿಗೆ ಆ ವಂಶವಾಹಿ ಸೇರಿಸುವ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲುದಾರ. ವಿಜ್ಞಾನಿಗಳು ಸಿದ್ಧವಾಗಿದ್ದ ಪ್ರಶ್ನೆ 'ತಿಂದರೆ ಸುರಕ್ಷಿತವೇ?' ಎಂಬುದು. ಹೊರಗಿನಿಂದ ಬಂದ ಪ್ರಶ್ನೆ 'ನಮ್ಮ ಬದನೆ ಬೀಜ ಯಾರದ್ದು, ಯಾರನ್ನು ಕೇಳಿ ತೆಗೆದುಕೊಂಡಿರಿ?' ಎಂಬುದು. 2002ರ ಜೀವವೈವಿಧ್ಯ ಕಾಯ್ದೆಯಡಿ ಆ ಆಕ್ಷೇಪ ಮುಂದೆ ನ್ಯಾಯಾಲಯದವರೆಗೂ ಹೋಯಿತು. ಸುರಕ್ಷತೆಯ ನೂರು ಪುಟ ದತ್ತಾಂಶ ಒಡೆತನದ ಒಂದು ಪ್ರಶ್ನೆಗೆ ಉತ್ತರವಾಗುವುದಿಲ್ಲ.

ವರದಿಯ ನಮೂನೆಯಲ್ಲಿ ಇಲ್ಲದ ಕಾಲಂ

ಇಷ್ಟೆಲ್ಲ ಗೊತ್ತಿದ್ದೂ ಶಿಬಿರಗಳು ಯಾಕೆ ಬದಲಾಗುವುದಿಲ್ಲ? ಧಾರವಾಡದ ಸೈದಾಪುರ, ಗದಗಿನ ಹುಲಕೋಟಿ, ಹಾವೇರಿಯ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸಂವಾದದ ಮಹತ್ವ ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ವಿಸ್ತರಣಾ ಕಾರ್ಯಕ್ರಮದ ವರದಿಯಲ್ಲಿ ಎಣಿಸುವುದು ತಲೆಗಳನ್ನು: ಎಷ್ಟು ಕಾರ್ಯಕ್ರಮ, ಎಷ್ಟು ಜನ, ಅದರಲ್ಲಿ ಮಹಿಳೆಯರೆಷ್ಟು, ಪರಿಶಿಷ್ಟರೆಷ್ಟು, ಫೋಟೊ ಎರಡು. 'ರೈತರು ಕೇಳಿದ್ದರಲ್ಲಿ ನಮಗೆ ಉತ್ತರ ಗೊತ್ತಿರದ ಪ್ರಶ್ನೆಗಳು' ಎಂಬ ಕಾಲಂ ಇಲ್ಲ. 30 ಜನರೊಂದಿಗೆ ಎರಡು ತಾಸು ಕೂತು ಮೂರು ಹೊಸ ಪ್ರಶ್ನೆ ತಂದವರಿಗಿಂತ, 300 ಜನರಿಗೆ ಊಟ ಹಾಕಿಸಿ 40 ನಿಮಿಷ ಮಾತಾಡಿದವರ ಅಂಕಿ ದೊಡ್ಡದಾಗಿ ಕಾಣುತ್ತದೆ. ಅನುದಾನ ಖರ್ಚಾಗಬೇಕಾದ್ದು ಮಾರ್ಚ್ ಒಳಗೆ, ಹುಳು ಬರುವುದು ಜುಲೈನಲ್ಲಿ.

ಅದೇ ಅನುದಾನದಲ್ಲಿ ಮಾಡಬಹುದಾದ ಸಭೆ ಹೇಗಿರಬೇಕು ಎಂದರೆ ಮೊದಲು ಜಾಗ ನೋಡಬೇಕು. ಗುಡಿಯ ಕಟ್ಟೆ ನೆರಳಿನದ್ದು, ಪುಕ್ಕಟೆ ಸಿಗುತ್ತದೆ; ಅದನ್ನು ಹತ್ತಲು ಹಿಂಜರಿಯುವ ಓಣಿಯವರು ದೂರ ನಿಂತೇ ಹೋಗುತ್ತಾರೆ, ಹೆಣ್ಣುಮಕ್ಕಳು ಬರುವುದೇ ಇಲ್ಲ. ಶಾಲೆಯ ಅಂಗಳ ವಾಸಿ. ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವು ಹೂವಿಗೆ ಪರಾಗ ಹಚ್ಚುವವರು ಬಹುಪಾಲು ಹೆಂಗಸರು. ಸುಳಿಯ ಎಲೆಯಲ್ಲಿ ಕಿಟಕಿ ಮೊದಲು ನೋಡುವ ಕಣ್ಣು ಅವರದು, ಸಭೆಗೆ ಬರುವುದು ಪಹಣಿಯಲ್ಲಿ ಹೆಸರಿರುವ ಗಂಡಸು. ಅವರಿಗಾಗಿ ಬೇರೆ ಸಭೆ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ, ಹೊಲದಲ್ಲೇ. ಸಂತೆಯ ದಿನ ಬೇಡ, ಬಿತ್ತಿಗೆಯ ವಾರವಂತೂ ಬೇಡವೇ ಬೇಡ.

ಜನ 25ರಿಂದ 30 ಇರಲಿ. 50 ದಾಟಿದರೆ ಮಾತಾಡುವವರು ಐದೇ ಜನ. ಪ್ರೊಜೆಕ್ಟರ್ ಬದಲು ಹುಳು ಹಿಡಿದ ಹತ್ತು ಗಿಡ, ಒಂದು 16 ಲೀಟರ್ ಪಂಪು, ಆಭರಣದ ಅಂಗಡಿಯಲ್ಲಿ ಬಳಸುವಂಥ ಸಣ್ಣ ತಕ್ಕಡಿ. 6.4 ಗ್ರಾಂ ತೂಗಿ ಒಂದು ಚಹಾ ಚಮಚಕ್ಕೆ ಹಾಕಿ ಎಲ್ಲಿಯವರೆಗೆ ಬರುತ್ತದೆ ಎಂದು ಗೀಟು ಎಳೆದು ತೋರಿಸಿ, ಆ ಚಮಚವನ್ನು ಔಷಧಿಗೇ ಮೀಸಲಿಡಿಸಿ. ಮೊದಲ 20 ನಿಮಿಷ ತಜ್ಞರು ಬಾಯಿ ಬಿಡಬಾರದು. ಇದು ಹೇಳುವಷ್ಟು ಸುಲಭವಲ್ಲ. ಉತ್ತರ ಗೊತ್ತಿಲ್ಲದ್ದಕ್ಕೆ 'ನೋಡಿ ಹೇಳ್ತೀವಿ' ಎಂದು ಹೇಳಿ ಹಾಳೆಯಲ್ಲಿ ಬರೆದುಕೊಳ್ಳಬೇಕು, ಕೇಳಿದವರ ಹೆಸರಿನ ಸಮೇತ. ಹದಿನೈದನೆಯ ದಿನ ಅದೇ ಊರಿಗೆ ಮತ್ತೆ ಹೋಗಿ, ಮೊದಲು ಆ ಹೆಸರುಗಳನ್ನು ಕೂಗಿ, ಉತ್ತರ ಹೇಳಿ, ನಂತರ ಐದು ಹೊಲಗಳಲ್ಲಿ ಎಷ್ಟು ಪಂಪು ಹೊಡೆದರು ಎಂದು ಕೇಳಿ ಬರೆದುಕೊಂಡರೆ, ಮುಂದಿನ ಮುಂಗಾರಿಗೆ ಆ ಊರಲ್ಲಿ ಎಲ್ಲಿಂದ ಮಾತು ಶುರು ಮಾಡಬೇಕೆಂದು ಆ ಹಾಳೆಯೇ ಹೇಳುತ್ತದೆ. ಎರಡನೆಯ ಭೇಟಿಯ ಡೀಸೆಲ್ಲಿಗೆ ದುಡ್ಡು ಯಾವ ತಲೆಬರಹದಡಿ ಹಾಕುವುದು ಎಂಬುದಷ್ಟೇ ಉಳಿಯುತ್ತದೆ, ಸದ್ಯಕ್ಕೆ ಅದನ್ನು 'ಇತರೆ' ಎಂದು ತೋರಿಸಬೇಕಾಗುತ್ತದೆ.